ವಿಷವಾಯುವಿಗೆ ಕಡಿವಾಣ

ನಮ್ಮ ಕಾಲೇಜಿನ ಹಳೆಯ ಕಟ್ಟಡದಲ್ಲಿ ಕನ್ನಡ ತರಗತಿಯ ಕೋಣೆಗೂ ರಸಾಯನಶಾಸ್ತ್ರದ ಪ್ರಯೋಗಶಾಲೆಗೂ ನಡುವೆ ಇರುವುದು ಒಂದೇ ಗೋಡೆ. ಒಂದು ಮಧ್ಯಾಹ್ನ ಕುಮಾರವ್ಯಾಸನ ಪದ್ಯವೊಂದಕ್ಕೆ ಅರ್ಥ ಹೇಳುತ್ತಿದ್ದೆ. ದ್ರೌಪದಿಯ ಮೊರೆ ಸಭೆಯ ಕಲ್ಲುಕಂಬಗಳಿಗೂ ಕೇಳಿಸಿತೆಂಬ ಘಟ್ಟಕ್ಕೆ ಬರುವಷ್ಟರಲ್ಲಿ ಕಿಟಕಿಯಿಂದ ಕೊಳೆತ ಮೊಟ್ಟೆಯ ನಾತ ತೇಲಿಬಂತು. ಹುಡುಗಿಯರು ಮೇಲುವಸ್ತ್ರದಿಂದಲೂ ಹುಡುಗರು ಕರವಸ್ತ್ರದಿಂದಲೂ ಮೂಗು ಮುಚ್ಚಿಕೊಂಡರು. ಕರುಣರಸ ಅಲ್ಲಿಗೆ ಇಂಗಿಹೋಯಿತು.

ವಿರಾಮದ ವೇಳೆಯಲ್ಲಿ ರಸಾಯನಶಾಸ್ತ್ರದ ಅಧ್ಯಾಪಕ ಮಿತ್ರರ ಮೇಲೆ ಈ ದೂರನ್ನು ಹೊರಿಸಿದೆ. ಅವರು ಕಾಫಿಯ ಲೋಟವನ್ನು ಕೆಳಗಿಟ್ಟು ನಕ್ಕರು.

"ಮೇಷ್ಟ್ರೆ, ನೀವು ಇಷ್ಟು ಹೊತ್ತು ಬಯ್ದಿರಲ್ಲ, ಆ ಗಾಳಿಯನ್ನು ಈ ಗಳಿಗೆಯಲ್ಲಿ ನಿಮ್ಮ ಮಿದುಳೇ ತಯಾರಿಸುತ್ತಿದೆ. ಮಿದುಳಷ್ಟೇ ಅಲ್ಲ, ನಿಮ್ಮ ರಕ್ತನಾಳಗಳೂ ತಯಾರಿಸುತ್ತಿವೆ. ಅದು ಇಲ್ಲದಿದ್ದರೆ ನಿಮ್ಮ ಕೋಪ ಇಷ್ಟರಲ್ಲೇ ಇಳಿಯುತ್ತಿರಲಿಲ್ಲವೋ ಏನೋ!"

ಇದು ವಿನೋದವೆಂದೇ ಮೊದಲು ಭಾವಿಸಿದೆ. ಅವರು ಕೊಟ್ಟ ಕೆಲವು ಲೇಖನಗಳನ್ನು ಬಿಡುವಿನಲ್ಲಿ ಓದಿದ ಮೇಲೆ, ವಿನೋದದ ಹಿಂದೆ ಒಂದು ದೊಡ್ಡ ಸತ್ಯವೇ ಅಡಗಿದೆಯೆಂದು ತಿಳಿಯಿತು. ಆ ಸತ್ಯವನ್ನು, ಅದರ ಬೆನ್ನು ಹತ್ತಿದ ಒಂದು ವಿಚಿತ್ರ ರಾಸಾಯನಿಕದ ಕಥೆಯನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಹಳೆಯ ವೈರಿ

ಆ ಗಾಳಿಯ ಹೆಸರು ಹೈಡ್ರೊಜನ್ ಸಲ್ಫೈಡ್. ಜಲಜನಕದ ಎರಡು ಪರಮಾಣುಗಳೂ ಗಂಧಕದ ಒಂದು ಪರಮಾಣುವೂ ಸೇರಿದರೆ ಅದರ ಒಂದು ಅಣುವಾಗುತ್ತದೆ. ಬಣ್ಣವಿಲ್ಲ, ಗಾಳಿಗಿಂತ ತುಸು ಭಾರ. ಗೃಹಿಣಿಯರಿಗೆ ಇದು ಅಪರಿಚಿತವೇನೂ ಅಲ್ಲ. ಹಬ್ಬಕ್ಕೆಂದು ತೆಗೆದ ಬೆಳ್ಳಿಯ ದೀಪ ಕಪ್ಪಾಗಿರುವುದನ್ನು ಕಂಡು ಹುಣಿಸೆಹಣ್ಣು ಹಿಡಿದು ಕೂಡುವವರು, ಗಾಳಿಯಲ್ಲಿರುವ ಇದೇ ಅನಿಲದ ಲವಲೇಶ ಬಳಿದ ಮಸಿಯನ್ನು ಉಜ್ಜುತ್ತಿರುತ್ತಾರೆ.

ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜ್ಜಿನಿ ೧೭೦೦ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಪ್ರಸಿದ್ಧವಾದ ಗ್ರಂಥವೊಂದನ್ನು ಪ್ರಕಟಿಸಿದನು. ಅದರಲ್ಲಿ ಮಲದ ಗುಂಡಿಗಳನ್ನು ಬಳಿಯುವ ಕೆಲಸಗಾರರ ಕಣ್ಣು ಕೆಂಪಾಗಿ ಉರಿಯುವುದನ್ನೂ, ಕ್ರಮೇಣ ಕೆಲವರು ಕುರುಡಾಗುವುದನ್ನೂ ವರ್ಣಿಸಿದ್ದಾನೆ. ಅವರ ಬಳಿಯಿದ್ದ ಬೆಳ್ಳಿ ಮತ್ತು ತಾಮ್ರದ ನಾಣ್ಯಗಳು ಕಪ್ಪಾಗುತ್ತಿದ್ದುದು ಆತನ ಸೂಕ್ಷ್ಮದೃಷ್ಟಿಗೆ ಬಿದ್ದಿತ್ತು. ಗುಂಡಿಯನ್ನು ಕದಡಿದಾಗ ಕಣ್ಣಿಗೆ ಕಾಣದ ಯಾವುದೋ ಆವಿ ಏಳುತ್ತದೆಂದು ಆತ ಊಹಿಸಿದ. ಆ ಆವಿ ಎಂಥದೆಂಬುದನ್ನು ಸ್ವೀಡನ್ನಿನ ರಸಾಯನಜ್ಞ ಕಾರ್ಲ್ ಷೀಲೆ ೧೭೭೭ರಲ್ಲಿ ವಿವರಿಸಿದನು.

ಈ ಅನಿಲ ಕೊಲ್ಲುವ ಬಗೆ ಭಯಂಕರವಾದದ್ದು. ನಮ್ಮ ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಂಡು ಶಕ್ತಿಯನ್ನು ಉತ್ಪಾದಿಸುವಾಗ ಕಟ್ಟಕಡೆಯ ಹಂತದಲ್ಲಿ ಕೆಲಸ ಮಾಡುವ ಕಿಣ್ವವೊಂದುಂಟು. ಹೈಡ್ರೊಜನ್ ಸಲ್ಫೈಡ್ ಅದನ್ನೇ ಹಿಡಿದು ನಿಲ್ಲಿಸಿಬಿಡುತ್ತದೆ. ಶ್ವಾಸಕೋಶದ ತುಂಬ ಆಮ್ಲಜನಕವಿದ್ದರೂ ಜೀವಕೋಶ ಉಸಿರುಗಟ್ಟಿ ಸಾಯುತ್ತದೆ. ಬಡಿಸಿದ ಎಲೆಯ ಮುಂದೆ ಕೈ ಕಟ್ಟಿ ಕೂರಿಸಿದಂತೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ ಎಷ್ಟೋ ಕಡಿಮೆಯಿದ್ದರೂ ಮೂಗು ಇದನ್ನು ಗುರುತಿಸುತ್ತದೆ. ಸುಮಾರು ನೂರು ಪಾಲನ್ನು ಮುಟ್ಟಿದಾಗ ಮೂಗೇ ಸೋತು ವಾಸನೆಯ ಅರಿವು ಅಳಿಸಿಹೋಗುತ್ತದೆ. ಐನೂರರಿಂದ ಸಾವಿರ ಪಾಲಾದರೆ ನಿಮಿಷಗಳಲ್ಲಿ ಪ್ರಾಣಕ್ಕೇ ಸಂಚಕಾರ. ನಾತ ನಿಂತಿತು, ಇನ್ನು ಭಯವಿಲ್ಲ ಎಂದುಕೊಂಡ ಕ್ಷಣವೇ ಭಯದ ಕ್ಷಣ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಕೊನೆಗೆ ಮತ್ತೆ ಇಲ್ಲಿಗೇ ಬರಬೇಕಾಗಿದೆ.

ವೈರಿ ಮನೆಯೊಳಗೇ ಇದ್ದ

ಇಂಥ ವಿಷಕ್ಕೆ ದೇಹದಲ್ಲಿ ಏನು ಕೆಲಸ? ೧೯೮೯ರಲ್ಲಿ ಕೆನಡಾದ ಸಂಶೋಧಕರು ಈ ಅನಿಲದಿಂದ ಸತ್ತ ಇಲಿಗಳ ಮಿದುಳನ್ನು ಪರೀಕ್ಷಿಸುತ್ತಿದ್ದರು. ಹೋಲಿಕೆಗಾಗಿ ವಿಷ ಸೋಂಕದ ಇಲಿಗಳ ಮಿದುಳನ್ನೂ ಪರೀಕ್ಷಿಸಿದಾಗ ಅಲ್ಲಿಯೂ ಸಲ್ಫೈಡ್ ಕಂಡುಬಂತು! ಹೊರಗಿನಿಂದ ಯಾರೂ ಕೊಡದ ವಿಷ ಒಳಗೆ ಹೇಗೆ ಬಂತು?

ಇದಕ್ಕೆ ಉತ್ತರ ದೊರೆತದ್ದು ಜಪಾನಿನಲ್ಲಿ. ಹಿಡಿಯೊ ಕಿಮುರ ಮತ್ತು ಅವರ ಸಹೋದ್ಯೋಗಿ ೧೯೯೬ರಲ್ಲಿ ಮಿದುಳಿನ ಕಿಣ್ವವೊಂದು ಆಹಾರದ ಪ್ರೋಟೀನಿನಲ್ಲಿರುವ ಸಿಸ್ಟೀನ್ ಎಂಬ ಗಂಧಕಯುಕ್ತ ಅಂಶದಿಂದ ಈ ಅನಿಲವನ್ನು ತಯಾರಿಸುತ್ತದೆಂದೂ, ಅದು ನರಕೋಶಗಳ ನಡುವಣ ಸಂದೇಶಗಳನ್ನು ತಿದ್ದುತ್ತದೆಂದೂ ತೋರಿಸಿದರು. ಮರುವರ್ಷವೇ ಅದು ರಕ್ತನಾಳಗಳ ಸ್ನಾಯುಗಳನ್ನು ಸಡಿಲಿಸುತ್ತದೆಂಬ ಸಂಗತಿ ಅದೇ ತಂಡದಿಂದ ಹೊರಬಿತ್ತು. ೨೦೦೮ರಲ್ಲಿ ಕೆನಡಾ ಮತ್ತು ಅಮೆರಿಕದ ವಿಜ್ಞಾನಿಗಳು, ಈ ಅನಿಲವನ್ನು ತಯಾರಿಸುವ ಇನ್ನೊಂದು ಕಿಣ್ವವೇ ಇಲ್ಲದಂತೆ ಮಾಡಿದ ಇಲಿಗಳ ರಕ್ತದೊತ್ತಡ ಏರುವುದನ್ನು ಕಂಡರು. ವೈರಿಯೆಂದು ಶತಮಾನಗಳ ಕಾಲ ಹೊರಗೆ ಹುಡುಕಿದವನು ಮನೆಯೊಳಗೇ ನಿಷ್ಠೆಯಿಂದ ದುಡಿಯುತ್ತಿದ್ದನು.

ವಿಜ್ಞಾನಕ್ಕೆ ಇಂಥ ಅಚ್ಚರಿ ಹೊಸತಲ್ಲ. ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ದೇಹದಲ್ಲಿ ಸಂದೇಶವಾಹಕವೆಂದು ಕಂಡುಹಿಡಿದುದಕ್ಕಾಗಿ ಫರ್ಚ್‌ಗಾಟ್, ಇಗ್ನಾರೊ, ಮ್ಯುರಾಡ್ ಎಂಬ ಮೂವರಿಗೆ ೧೯೯೮ರಲ್ಲಿ ನೊಬೆಲ್ ಪಾರಿತೋಷಕ ಬಂದಿತ್ತು. ಮುಚ್ಚಿದ ಕೋಣೆಯಲ್ಲಿ ಇದ್ದಲ ಒಲೆಯಿಟ್ಟು ಮಲಗಿದವರನ್ನು ಕೊಲ್ಲುವ ಕಾರ್ಬನ್ ಮಾನಾಕ್ಸೈಡ್ ಕೂಡ ದೇಹದೊಳಗೆ ಅತ್ಯಲ್ಪವಾಗಿ ಹುಟ್ಟಿ ಕೆಲಸ ಮಾಡುತ್ತದೆ. ಹೈಡ್ರೊಜನ್ ಸಲ್ಫೈಡ್ ಈ ಸಾಲಿನಲ್ಲಿ ಮೂರನೆಯದು.

ನಮ್ಮ ಅಡುಗೆಮನೆಯ ಬೆಳ್ಳುಳ್ಳಿಯೂ ಈ ಕಥೆಯಲ್ಲಿ ಒಂದು ಪಾತ್ರ ವಹಿಸುತ್ತದೆ. ಬೆಳ್ಳುಳ್ಳಿಯ ಗಂಧಕಯುಕ್ತ ಅಂಶಗಳನ್ನು ಕೆಂಪು ರಕ್ತಕಣಗಳು ಹೈಡ್ರೊಜನ್ ಸಲ್ಫೈಡ್ ಆಗಿ ಮಾರ್ಪಡಿಸುತ್ತವೆಂದೂ, ರಕ್ತನಾಳಗಳು ಅದರಿಂದ ಸಡಿಲಗೊಳ್ಳುತ್ತವೆಂದೂ ಅಮೆರಿಕದ ಅಲಬಾಮ ವಿಶ್ವವಿದ್ಯಾಲಯದವರು ೨೦೦೭ರಲ್ಲಿ ಪ್ರಕಟಿಸಿದರು. ಅದು ಪ್ರಯೋಗಶಾಲೆಯ ಮಾತು. ವೈದ್ಯರು ಕೊಟ್ಟ ಮಾತ್ರೆಗೆ ಒಗ್ಗರಣೆ ಬದಲಿಯಾಗಲಾರದು.

ಅಳೆದು ಕೊಡುವುದು ಹೇಗೆ?

ಅನಿಲದ ಗುಣವನ್ನು ಪರೀಕ್ಷಿಸಬೇಕಾದರೆ ಅದನ್ನು ಜೀವಕೋಶಗಳಿಗೆ ಕೊಟ್ಟು ನೋಡಬೇಕಷ್ಟೆ. ತೊಡಕು ಹುಟ್ಟಿದ್ದು ಇಲ್ಲಿಯೇ. ಅನಿಲವನ್ನು ನೇರವಾಗಿ ಹಾಯಿಸುವುದು ಅಪಾಯ. ಅಳತೆಯೂ ಕೈಗೆ ಸಿಕ್ಕದು. ಆದ್ದರಿಂದ ಬಹುಮಂದಿ ಸೋಡಿಯಂ ಹೈಡ್ರೊಸಲ್ಫೈಡ್ ಎಂಬ ಲವಣವನ್ನು ಬಳಸುತ್ತಿದ್ದರು. ನೀರಿಗೆ ಹಾಕಿದೊಡನೆ ಅದು ತನ್ನಲ್ಲಿದ್ದುದನ್ನೆಲ್ಲ ಕ್ಷಣಮಾತ್ರದಲ್ಲಿ ಬಿಟ್ಟುಕೊಡುತ್ತದೆ. ಹುಟ್ಟಿದ ಅನಿಲ ಬೇಗನೆ ಹಾರಿಹೋಗುತ್ತದೆ, ಇಲ್ಲವೆ ಬೇರೆ ಪದಾರ್ಥಗಳೊಡನೆ ಕೂಡಿಕೊಳ್ಳುತ್ತದೆ.

ದೇಹ ಹಾಗೆ ಮಾಡುವುದಿಲ್ಲ. ಅದು ಈ ಅನಿಲವನ್ನು ಅತ್ಯಲ್ಪವಾಗಿ, ನಿಧಾನವಾಗಿ, ಎಡೆಬಿಡದೆ ತಯಾರಿಸುತ್ತಿರುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಮೊದಲು ಊಹಿಸಿದ್ದಕ್ಕಿಂತ ಬಹಳ ಕಡಿಮೆಯೆಂದು ಮುಂದಿನ ಅಳತೆಗಳಿಂದ ತಿಳಿದುಬಂದಿದೆ. ಬೇಸಿಗೆಯಲ್ಲಿ ಎಳೆಯ ಸಸಿಯ ಮೇಲೆ ಒಂದು ಕೊಡ ನೀರನ್ನು ಒಮ್ಮೆಲೇ ಸುರಿದರೆ ಮಣ್ಣು ಕೊಚ್ಚಿ ಬೇರು ಹೊರಬೀಳುತ್ತದೆ. ಅದೇ ನೀರನ್ನು ಧಾರಾಪಾತ್ರೆಯಲ್ಲಿ ತುಂಬಿ ಮೇಲೆ ಕಟ್ಟಿದರೆ ಹನಿ ಹನಿಯಾಗಿ ಇಳಿದು ಸಸಿಯನ್ನು ತಣಿಸುತ್ತದೆ. ನೀರು ಅದೇ, ಅಳತೆಯೂ ಅದೇ. ಫಲ ಮಾತ್ರ ಬೇರೆ. ಸಂಶೋಧಕರಿಗೆ ಬೇಕಾದದ್ದು ಹೈಡ್ರೊಜನ್ ಸಲ್ಫೈಡಿನ ಒಂದು ಧಾರಾಪಾತ್ರೆ.

ಟೆಲಿಫೋನ್ ಸಂಖ್ಯೆಯಂಥ ಹೆಸರು

ಅಂಥದೊಂದು ಪಾತ್ರೆ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಸಿದ್ಧವಾಯಿತು. ಫಿಲಿಪ್ ಮೂರ್ ಅವರ ತಂಡ ೨೦೦೮ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿತು. ಅದರ ಹೆಸರು ಟೆಲಿಫೋನ್ ಸಂಖ್ಯೆಯನ್ನು ಹೋಲುತ್ತದೆ: ಜಿವೈವೈ ೪೧೩೭. ಪೂರ್ಣ ರಾಸಾಯನಿಕ ನಾಮವನ್ನು ಹೇಳಹೊರಟರೆ ಅದು ಕಂದಪದ್ಯದ ಒಂದು ಪಾದವನ್ನೂ ಮೀರೀತು, ಆದ್ದರಿಂದ ಬಿಟ್ಟುಬಿಡೋಣ.

ನೋಡಲು ಬಿಳಿಯ ಪುಡಿ; ನೀರಿನಲ್ಲಿ ಕರಗುತ್ತದೆ. ರಸಾಯನಶಾಲೆಗಳಲ್ಲಿ ಆಮ್ಲಜನಕವಿರುವ ಕಡೆ ಗಂಧಕವನ್ನು ಕೂರಿಸಲು ಬಳಸುವ ಲಾಸನ್ ಕಾರಕ ಎಂಬ ಪದಾರ್ಥವನ್ನು ಮಾರ್ಫೊಲೀನ್ ಎಂಬ ದ್ರವದೊಡನೆ ಸೇರಿಸಿದರೆ ಇದು ದೊರೆಯುತ್ತದೆ. ಅಣುವಿನ ನಡುವೆ ರಂಜಕದ ಒಂದು ಪರಮಾಣುವಿದೆ. ಅದಕ್ಕೆ ಗಂಧಕದ ಎರಡು ಪರಮಾಣುಗಳು ಅಂಟಿಕೊಂಡಿವೆ. ನೀರಿನ ಅಣುಗಳು ಬಂದು ತಾಗಿದಂತೆಲ್ಲ ಆ ಬಂಧ ಒಂದೊಂದಾಗಿ ಸಡಿಲಗೊಂಡು, ಗಂಧಕ ಹೈಡ್ರೊಜನ್ ಸಲ್ಫೈಡಿನ ರೂಪದಲ್ಲಿ ಹೊರಬೀಳುತ್ತದೆ. ತಣ್ಣಗಿರುವಾಗ ಈ ಕ್ರಿಯೆ ಮಂದ. ಹುಳಿಯ ಗುಣವಿರುವ ದ್ರಾವಣದಲ್ಲಿ ಚುರುಕು.

ಎಷ್ಟು ನಿಧಾನ ಎಂಬುದಕ್ಕೆ ೨೦೧೧ರಲ್ಲಿ ಪ್ರಕಟವಾದ ಪ್ರಯೋಗವೊಂದರ ಅಂಕಿಗಳನ್ನು ನೋಡಬಹುದು. ದ್ರಾವಣಗಳ ಸಾಂದ್ರತೆಯನ್ನು ಹೇಳುವ ಮೈಕ್ರೊಮೋಲಾರ್ ಎಂಬ ಅಳತೆಯಲ್ಲಿ ಎರಡನ್ನೂ ೪೦೦ರಂತೆ ಸಮವಾಗಿ ಹಾಕಿದರು. ಸೋಡಿಯಂ ಲವಣದಿಂದ ಅನಿಲ ೪೦೦ರವರೆಗೂ ಏರಿ, ಒಂದು ಗಂಟೆಯೊಳಗೆ ಮುಗಿದುಹೋಯಿತು. ಜಿವೈವೈ ೪೧೩೭ರಿಂದ ಬಂದದ್ದು ೨೦ಕ್ಕಿಂತ ಕಡಿಮೆ. ಆದರೆ ಅದು ಏಳು ದಿನ ಸಾಗಿತು.

ನಿಧಾನದ ಮಹಿಮೆ

ಇದರ ಫಲವೇನಾಯಿತು? ಸಿಂಗಪುರದ ಮೊದಲ ಪ್ರಯೋಗಗಳಲ್ಲಿಯೇ ಇಲಿಯ ಮಹಾಧಮನಿಯ ತುಣುಕುಗಳು ಮೆಲ್ಲಮೆಲ್ಲನೆ ಸಡಿಲಗೊಂಡವು. ರಕ್ತದೊತ್ತಡ ಏರಿದ್ದ ಇಲಿಗಳಲ್ಲಿ ಒತ್ತಡ ಇಳಿಯಿತು. ಹೃದಯದ ಬಡಿತಕ್ಕಾಗಲಿ ಅದರ ಬಲಕ್ಕಾಗಲಿ ಬಾಧೆ ಕಾಣಲಿಲ್ಲ.

ಇದಕ್ಕಿಂತಲೂ ಬೋಧಪ್ರದವಾದುದು ಉರಿಯೂತದ ಪ್ರಸಂಗ. ರೋಗಾಣುಗಳ ವಿಷದಿಂದ ದೇಹವೆಲ್ಲ ಉರಿಯೂತಕ್ಕೆ ಒಳಗಾಗಿ ಕುಸಿಯುವ ಸ್ಥಿತಿಯಲ್ಲಿ ಹೈಡ್ರೊಜನ್ ಸಲ್ಫೈಡ್ ಬೆಂಕಿಗೆ ತುಪ್ಪ ಸುರಿಯುತ್ತದೆಂದು ಮೂರ್ ಅವರ ತಂಡವೇ ೨೦೦೫ರಲ್ಲಿ ಹೇಳಿತ್ತು. ನಾಲ್ಕು ವರ್ಷಗಳ ತರುವಾಯ ಅಂಥದೇ ಸ್ಥಿತಿಯಲ್ಲಿದ್ದ ಇಲಿಗಳಿಗೆ ಅವರು ಜಿವೈವೈ ೪೧೩೭ನ್ನು ಕೊಟ್ಟು ನೋಡಿದಾಗ ಅದು ಅವುಗಳನ್ನು ಕಾಪಾಡಿತು! ಅನಿಲ ಅದೇ. ಆದರೂ ಹಿಂದೆ ಉರಿಯನ್ನು ಹೆಚ್ಚಿಸಿದ್ದು ಈಗ ತಗ್ಗಿಸಿತು. ಬಿಡುಗಡೆಯ ವೇಗ ಬದಲಾದರೆ ಫಲವೂ ತಲೆಕೆಳಗಾಗಬಲ್ಲದೆಂಬ ಅರಿವು ಇಲ್ಲಿಂದ ಬಲವಾಯಿತು. ಅದುವರೆಗೆ ದಿಢೀರನೆ ಬಿಡುಗಡೆಯಾಗುವ ಲವಣದಿಂದ ಪಡೆದ ಎಷ್ಟೋ ತೀರ್ಮಾನಗಳನ್ನು ಮತ್ತೆ ತೂಗಿ ನೋಡಬೇಕಾಗಿ ಬಂತು.

ಮೇಲೆ ಹೇಳಿದ ೨೦೧೧ರ ಪ್ರಯೋಗದಲ್ಲಿ ಮನುಷ್ಯರ ಏಳು ಬಗೆಯ ಕ್ಯಾನ್ಸರ್ ಕೋಶಗಳನ್ನು ಈ ಪದಾರ್ಥ ಕೊಂದಿತು. ಜೊತೆಗಿಟ್ಟಿದ್ದ ಆರೋಗ್ಯವಂತ ಕೋಶಗಳು ಉಳಿದುಕೊಂಡವು. ಇದನ್ನು ಓದಿದವರು ಹಿಗ್ಗುವ ಮೊದಲು ೨೦೧೩ರ ಇನ್ನೊಂದು ವರದಿಯನ್ನು ನೋಡಬೇಕು. ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳು ತಾವೇ ಹೈಡ್ರೊಜನ್ ಸಲ್ಫೈಡನ್ನು ಹೆಚ್ಚಾಗಿ ತಯಾರಿಸಿಕೊಂಡು, ಅದರ ಬಲದಿಂದಲೇ ಬೆಳೆಯುತ್ತವೆಂದು ಅಮೆರಿಕದ ಟೆಕ್ಸಸ್‌ನ ಸಂಶೋಧಕರು ತೋರಿಸಿದರು. ತುಸು ಇದ್ದರೆ ಪೋಷಣೆ, ಹೆಚ್ಚಿದರೆ ಮಾರಕ. "ಅತಿಯಾದರೆ ಅಮೃತವೂ ವಿಷ" ಎಂಬ ನಮ್ಮ ಗಾದೆಯನ್ನು ಆ ಕೋಶಗಳೂ ಬಲ್ಲವೆಂದು ತೋರುತ್ತದೆ.

ಗಿಡಗಳ ಕಥೆ ಇನ್ನೂ ಸೋಜಿಗ. ಎಲೆಗಳ ಮೇಲೆ ಪತ್ರರಂಧ್ರಗಳೆಂಬ ಸೂಕ್ಷ್ಮವಾದ ಬಾಯಿಗಳಿವೆ. ಬರ ಬಂದಾಗ ಗಿಡ ಅವನ್ನು ಮುಚ್ಚಿಕೊಂಡು ನೀರನ್ನು ಉಳಿಸುತ್ತದೆ. ೨೦೧೦ರಲ್ಲಿ ಅರ್ಜೆಂಟೀನದ ಇಬ್ಬರು ವಿಜ್ಞಾನಿಗಳು ಜಿವೈವೈ ೪೧೩೭ರಿಂದ ಆ ಬಾಯಿಗಳು ಮುಚ್ಚಿದವೆಂದು ಬರೆದರು. ಅದೇ ವರ್ಷ ಕ್ರೊಯೇಷಿಯ ಮತ್ತು ಇಂಗ್ಲೆಂಡಿನ ತಂಡವೊಂದು ಅದೇ ಪದಾರ್ಥದಿಂದ ಬಾಯಿಗಳು ತೆರೆದವೆಂದು ಬರೆಯಿತು! ಇಬ್ಬರೂ ಅನುಭವಿಗಳೇ. ಗಿಡದ ಜಾತಿ, ಬೆಳಕು, ಕೊಟ್ಟ ಅಳತೆ, ಕಾದ ಸಮಯ, ಇವುಗಳಲ್ಲಿ ಯಾವುದು ಬದಲಾದರೂ ಉತ್ತರ ಬದಲಾಗಬಹುದು. ಪ್ರಕೃತಿ ಪ್ರಶ್ನೆಯ ಮಾತಿಗೆ ಮಾತ್ರವಲ್ಲ, ಪ್ರಶ್ನೆ ಕೇಳಿದ ಬಗೆಗೂ ಉತ್ತರ ಕೊಡುತ್ತದೆ.

ಬೆಂಗಳೂರಿನಲ್ಲಿ ನಡೆದ ಪ್ರಯೋಗ

ಈ ಕಥೆಯ ಒಂದು ಮುಖ್ಯ ಅಧ್ಯಾಯ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿದೆಯೆಂದರೆ ಕನ್ನಡಿಗರಿಗೆ ಸಂತೋಷವಾಗದಿರದು.

ಏಡ್ಸ್ ರೋಗಕ್ಕೆ ಕಾರಣವಾದ ಎಚ್‌ಐವಿ ವೈರಾಣುವನ್ನು ಇಂದಿನ ಔಷಧಗಳು ಹದ್ದಿನಲ್ಲಿಡುತ್ತವೆ. ಕ್ರಮವಾಗಿ ಮಾತ್ರೆ ಸೇವಿಸುವವರು ಬಹುಕಾಲ ಆರೋಗ್ಯದಿಂದ ಬಾಳುತ್ತಾರೆ. ಆದರೆ ವೈರಾಣು ಪೂರ್ತಿ ಹೋಗುವುದಿಲ್ಲ. ರಕ್ತದ ಕೆಲವು ಕೋಶಗಳಲ್ಲಿ ಅದು ಸದ್ದಿಲ್ಲದೆ ಅಡಗಿ ಕುಳಿತಿರುತ್ತದೆ. ಮಾತ್ರೆ ನಿಲ್ಲಿಸಿದರೆ ವಾರಗಳಲ್ಲಿ ಮತ್ತೆ ತಲೆಯೆತ್ತುತ್ತದೆ. ಆದ್ದರಿಂದಲೇ ಆ ಮಾತ್ರೆಗಳನ್ನು ಜೀವಮಾನವಿಡೀ ನುಂಗಬೇಕು.

ಅಡಗಿದ ವೈರಾಣುವನ್ನು ಎಬ್ಬಿಸುವುದು ಯಾವುದು, ಮಲಗಿಸುವುದು ಯಾವುದು? ಅಮಿತ್ ಸಿಂಗ್ ಅವರ ನೇತೃತ್ವದ ತಂಡ ೨೦೨೧ರಲ್ಲಿ ಇದರ ಒಂದು ಎಳೆಯನ್ನು ಬಿಡಿಸಿತು. ವೈರಾಣು ಎಚ್ಚತ್ತಾಗ, ಹೈಡ್ರೊಜನ್ ಸಲ್ಫೈಡನ್ನು ತಯಾರಿಸುವ ಕಿಣ್ವ ಆ ಕೋಶಗಳಲ್ಲಿ ಕಡಿಮೆಯಾಗುತ್ತದೆ. ಕಿಣ್ವವನ್ನು ಬೇಕೆಂದೇ ಅಡಗಿಸಿದರೆ ವೈರಾಣು ಏಳುತ್ತದೆ. ಕೊರತೆಯನ್ನು ಜಿವೈವೈ ೪೧೩೭ರಿಂದ ತುಂಬಿದರೆ ಮತ್ತೆ ಮಲಗುತ್ತದೆ! ಚಿಕಿತ್ಸೆಯಲ್ಲಿದ್ದ ವ್ಯಕ್ತಿಗಳ ರಕ್ತದಿಂದ ತೆಗೆದ ಕೋಶಗಳಲ್ಲಿಯೂ, ರೂಢಿಯ ಔಷಧಗಳ ಜೊತೆಗೆ ಇದನ್ನು ಕೊಟ್ಟಾಗ ವೈರಾಣು ಮರಳಿ ಏಳಲಿಲ್ಲ. ಕೋಶಗಳ ಶಕ್ತಿಯ ವ್ಯವಸ್ಥೆಯೂ ಸುಧಾರಿಸಿತು.

ಒಂದು ಮಾತನ್ನು ಆ ವಿಜ್ಞಾನಿಗಳು ಮುಚ್ಚಿಡಲಿಲ್ಲ. ಅಡಗಿದ ವೈರಾಣುವಿನ ಪ್ರಮಾಣ ಇದರಿಂದ ಕಡಿಮೆಯಾಗಿಲ್ಲ. ಕಳ್ಳ ಮನೆಯಲ್ಲಿಯೇ ಇದ್ದಾನೆ. ಅವನ ಕೋಣೆಗೆ ಹೊರಗಿನಿಂದ ಅಗುಳಿ ಬಿದ್ದಿದೆ, ಅಷ್ಟೆ. ಇದೆಲ್ಲವೂ ನಡೆದದ್ದು ಗಾಜಿನ ಪಾತ್ರೆಗಳಲ್ಲಿಟ್ಟ ಕೋಶಗಳ ಮೇಲೆಯೇ ಹೊರತು ರೋಗಿಗಳ ಮೇಲಲ್ಲ.

ಹಾವಿಗೂ ಹಾಲೆರೆದೀತು

ಬೆಂಗಳೂರಿನ ಫಲಿತಾಂಶವನ್ನು ಅದಕ್ಕೆ ಒಂದು ವರ್ಷ ಹಿಂದಿನ ಇನ್ನೊಂದು ಫಲಿತಾಂಶದ ಪಕ್ಕದಲ್ಲಿಟ್ಟು ಓದಬೇಕು. ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಆಂಡ್ರಿಸ್ ಸ್ಟೈನ್ ಅವರ ತಂಡ ಕ್ಷಯರೋಗಾಣುವಿನ ಮೇಲೆ ಈ ಅನಿಲದ ಪ್ರಭಾವವನ್ನು ಪರೀಕ್ಷಿಸಿ ೨೦೨೦ರಲ್ಲಿ ವರದಿಗಳನ್ನು ಪ್ರಕಟಿಸಿತು. ಅಲ್ಲಿ ಕಂಡದ್ದು ತದ್ವಿರುದ್ಧ. ಹೈಡ್ರೊಜನ್ ಸಲ್ಫೈಡ್ ಕ್ಷಯದ ರೋಗಾಣುವಿನ ಉಸಿರಾಟಕ್ಕೂ ಬೆಳವಣಿಗೆಗೂ ಉತ್ತೇಜನ ಕೊಡುತ್ತದೆ. ದೇಹದ ರಕ್ಷಣಾಶಕ್ತಿಯನ್ನು ಕುಗ್ಗಿಸುತ್ತದೆ. ಈ ಅನಿಲವನ್ನು ತಯಾರಿಸುವ ಕಿಣ್ವ ಕಡಿಮೆಯಿದ್ದ ಇಲಿಗಳು ಕ್ಷಯ ತಗಲಿದ ಮೇಲೆ ಹೆಚ್ಚು ಕಾಲ ಬದುಕಿದವು.

ಎಚ್‌ಐವಿ ಇರುವವರನ್ನು ಹೆಚ್ಚಾಗಿ ಬಾಧಿಸಿ ಬಲಿತೆಗೆದುಕೊಳ್ಳುವ ರೋಗಗಳಲ್ಲಿ ಕ್ಷಯಕ್ಕೆ ಅಗ್ರಸ್ಥಾನ. ಹೀಗಿರಲು, ಒಂದು ವೈರಿಯನ್ನು ಮಲಗಿಸುವ ಪದಾರ್ಥ ಇನ್ನೊಂದು ವೈರಿಗೆ ಹಾಲೆರೆಯುವುದಾದರೆ ವೈದ್ಯರು ಏನು ಮಾಡಬೇಕು? ಎರಡೂ ರೋಗಗಳಿರುವ ನಮ್ಮಂಥ ದೇಶದಲ್ಲಿ ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ.

ಇದು ಔಷಧವೆ?

ಅಲ್ಲ. ಜಿವೈವೈ ೪೧೩೭ ಪ್ರಯೋಗಶಾಲೆಗಳಿಗೆ ಮಾರುವ ಒಂದು ಸಂಶೋಧನ ಸಾಮಗ್ರಿ ಮಾತ್ರ. ಔಷಧದ ಅಂಗಡಿಯಲ್ಲಿ ಇದು ದೊರೆಯದು, ದೊರೆಯಲೂ ಬಾರದು.

ಸಾಮಗ್ರಿಯಾಗಿಯೂ ಇದಕ್ಕೆ ದೋಷಗಳಿವೆ. ಗಂಧಕವನ್ನು ಬಿಟ್ಟುಕೊಟ್ಟ ಮೇಲೆ ಉಳಿಯುವ ಅಣುವಿನ ಭಾಗ ಸುಮ್ಮನಿರುತ್ತದೆಂದು ಹೇಳುವಂತಿಲ್ಲ. ಕಂಡ ಪರಿಣಾಮ ಅನಿಲದ್ದೋ ಆ ಶೇಷದ್ದೋ ಎಂದು ತಿಳಿಯಲು, ಎಚ್ಚರವುಳ್ಳ ಸಂಶೋಧಕರು ಅನಿಲ ಪೂರ್ತಿ ಹೊರಟುಹೋದ ಹಳೆಯ ದ್ರಾವಣವನ್ನೂ, ಗಂಧಕವಿಲ್ಲದ ಸೋದರ ಪದಾರ್ಥವೊಂದನ್ನೂ ಜೊತೆಗಿಟ್ಟು ಹೋಲಿಸುತ್ತಾರೆ. ಇನ್ನೊಂದು ತೊಡಕು ತಡವಾಗಿ ಗಮನಕ್ಕೆ ಬಂತು. ಮಾರಾಟಕ್ಕೆ ಬರುವ ಪುಡಿಯಲ್ಲಿ ತಯಾರಿಕೆಗೆ ಬಳಸಿದ ಡೈಕ್ಲೋರೊಮೀಥೇನ್ ಎಂಬ ದ್ರವ ಉಳಿದಿರುತ್ತದೆ. ಪ್ರಾಣಿಗಳ ದೇಹ ಅದನ್ನು ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಅದೂ ಒಂದು ಸಂದೇಶವಾಹಕವೆಂದು ಮೇಲೆಯೇ ಹೇಳಿದೆನಷ್ಟೆ! ಒಬ್ಬನ ಸಾಕ್ಷ್ಯ ಕೇಳಲು ಕರೆದರೆ ಇನ್ನೊಬ್ಬನೂ ಮರೆಯಲ್ಲಿ ನಿಂತು ಮಾತಾಡಿದಂತಾಯಿತು.

ಹೈಡ್ರೊಜನ್ ಸಲ್ಫೈಡನ್ನು ಬಿಡುಗಡೆ ಮಾಡುವ ಪದಾರ್ಥಗಳಲ್ಲಿ ಮನುಷ್ಯರವರೆಗೆ ಬಂದದ್ದೂ ಉಂಟು. ನೋವುನಿವಾರಕವಾದ ನ್ಯಾಪ್ರೊಕ್ಸೆನ್ ಮಾತ್ರೆ ಜಠರದಲ್ಲಿ ಹುಣ್ಣು ಮಾಡುತ್ತದೆಂಬುದು ಅನೇಕರ ಅನುಭವ. ಅದಕ್ಕೆ ಈ ಅನಿಲವನ್ನು ಬಿಡುವ ಬಾಲವೊಂದನ್ನು ಜೋಡಿಸಿ, ಎಟಿಬಿ ೩೪೬ ಎಂಬ ಹೆಸರಿನಿಂದ ೨೪೪ ಮಂದಿ ಆರೋಗ್ಯವಂತರಲ್ಲಿ ಎರಡು ವಾರ ಪರೀಕ್ಷಿಸಲಾಯಿತು. ಹಳೆಯ ಮಾತ್ರೆಯನ್ನು ನುಂಗಿದವರಲ್ಲಿ ನೂರಕ್ಕೆ ೪೨ ಮಂದಿಗೆ ಹುಣ್ಣಾದರೆ, ಹೊಸದನ್ನು ನುಂಗಿದವರಲ್ಲಿ ನೂರಕ್ಕೆ ಮೂವರಿಗೂ ಆಗಲಿಲ್ಲ. ಇದು ೨೦೨೦ರಲ್ಲಿ ಪ್ರಕಟವಾದ ಸುದ್ದಿ. ಆದರೂ ೨೦೨೪ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದರ ಮುಂದಿನ ಪರೀಕ್ಷೆಯನ್ನು ತಡೆಹಿಡಿದರು. ಪ್ರಯೋಗಶಾಲೆಯ ಮೇಜಿನಿಂದ ರೋಗಿಯ ಮಂಚದವರೆಗಿನ ದಾರಿ ಹೀಗೆ ಬಹು ದೀರ್ಘ. ನಡುವೆ ಮುಳ್ಳೂ ಹೆಚ್ಚು.

ಗುಂಡಿಯ ಬಾಯಲ್ಲಿ

ಓದಿದ್ದನ್ನೆಲ್ಲ ಮಿತ್ರರಿಗೆ ಒಪ್ಪಿಸಿ, "ನಿಮ್ಮ ಗಾಳಿಯ ಮೇಲೆ ನನಗೀಗ ಸಿಟ್ಟಿಲ್ಲ" ಎಂದೆ. ಅವರು ಈ ಸಲ ನಗಲಿಲ್ಲ.

"ಸಿಟ್ಟು ಇರಲಿ ಮೇಷ್ಟ್ರೆ. ನಿಮ್ಮ ಬಡಾವಣೆಯಲ್ಲಿ ಶೌಚದ ಗುಂಡಿ ಕಟ್ಟಿಕೊಂಡಾಗ ಯಾರನ್ನು ಕರೆಸುತ್ತೀರಿ? ಯಂತ್ರವನ್ನೋ, ಮನುಷ್ಯನನ್ನೋ?"

ಮರುಮಾತು ಹೊಳೆಯಲಿಲ್ಲ. ರಮಾಜ್ಜಿನಿ ಕಣ್ಣುರಿಯ ಕೆಲಸಗಾರರನ್ನು ಕಂಡು ಮುನ್ನೂರು ವರ್ಷಗಳು ಕಳೆದಿವೆ. ನಮ್ಮ ದೇಶದ ಒಳಚರಂಡಿಗಳಲ್ಲಿಯೂ ಮಲದ ಗುಂಡಿಗಳಲ್ಲಿಯೂ ಇಂದಿಗೂ ಮನುಷ್ಯರು ಇಳಿದು ಸಾಯುತ್ತಿದ್ದಾರೆ. ಗಾಳಿಗಿಂತ ಭಾರವಾದ ಈ ಅನಿಲ ಗುಂಡಿಯ ತಳದಲ್ಲಿ ಮಡುಗಟ್ಟಿ ನಿಂತಿರುತ್ತದೆ. ಕೆಸರನ್ನು ಕದಡಿದೊಡನೆ ಭುಗಿಲೆಂದು ಏಳುತ್ತದೆ. ಮೊದಲು ಇಳಿದವನು ಕುಸಿಯುತ್ತಾನೆ. ಮೇಲೆ ನಿಂತ ಅಣ್ಣನೋ ತಮ್ಮನೋ ಜೊತೆಗಾರನೋ "ಅಯ್ಯೋ" ಎಂದು ಇಳಿಯುತ್ತಾನೆ, ಅವನೂ ಏಳುವುದಿಲ್ಲ. ಮೂಗು ಆಗಲೇ ಸೋತಿರುವುದರಿಂದ ಎಚ್ಚರಿಸುವವರು ಯಾರೂ ಇಲ್ಲ.

ರಕ್ಷಣಾ ಸಾಧನಗಳಿಲ್ಲದೆ ಯಾರನ್ನಾದರೂ ಇಂಥ ಗುಂಡಿಗೆ ಇಳಿಸುವುದು ೨೦೧೩ರ ಕಾಯಿದೆಯಂತೆ ಅಪರಾಧ. ಇಳಿಸಿದವನು ಗುತ್ತಿಗೆದಾರನಾಗಿರಲಿ ಮನೆಯ ಯಜಮಾನನಾಗಿರಲಿ ಶಿಕ್ಷೆ ತಪ್ಪದು. ಹೀಗೆ ಸತ್ತವರ ಕುಟುಂಬಕ್ಕೆ ೧೦ ಲಕ್ಷ ರೂಪಾಯಿ ಕೊಡಬೇಕೆಂದು ೨೦೧೪ರಲ್ಲಿ ಹೇಳಿದ್ದ ಸರ್ವೋಚ್ಚ ನ್ಯಾಯಾಲಯ, ೨೦೨೩ರ ಅಕ್ಟೋಬರಿನಲ್ಲಿ ಅದನ್ನು ೩೦ ಲಕ್ಷಕ್ಕೆ ಏರಿಸಿತು. ಆದರೆ ಹಣ ಎಷ್ಟು ಏರಿದರೇನು, ಹೋದವನು ಬಂದಾನೆಯೆ?

ಹಾಲಾಹಲವನ್ನು ಶಿವನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಕಂಠದಲ್ಲಿ ಹಿಡಿದು ನಿಲ್ಲಿಸಿದನು. ಈ ಅನಿಲದ ವಿಷಯದಲ್ಲಿ ವಿಜ್ಞಾನಿಗಳು ಕಲಿಯಲೆತ್ನಿಸುತ್ತಿರುವ ವಿದ್ಯೆಯೂ ಅದೇ. ಎಷ್ಟು ಕೊಡಬೇಕು, ಎಷ್ಟು ನಿಧಾನವಾಗಿ ಕೊಡಬೇಕು ಎಂಬ ಲೆಕ್ಕಕ್ಕಾಗಿ ಬಿಳಿಯ ಪುಡಿಯೊಂದನ್ನು ಹಿಡಿದು ಅವರು ವರ್ಷಗಟ್ಟಲೆ ತಾಳ್ಮೆಯಿಂದ ಕುಳಿತಿದ್ದಾರೆ. ಅವರಿಗಿರುವ ತಾಳ್ಮೆಯ ಸ್ವಲ್ಪ ಭಾಗ ನಮಗೂ ಬೇಕು. ಗುಂಡಿ ತುಂಬಿದ ದಿನ ಯಂತ್ರದ ಗಾಡಿ ಬರಲು ತಡವಾದೀತು, ನೆಂಟರು ಬಂದಿರಬಹುದು, ಹಬ್ಬ ಹತ್ತಿರವಿರಬಹುದು. ಐದುನೂರು ರೂಪಾಯಿಗೆ ಇಳಿಯಲು ಒಪ್ಪುವ ಬಡವನೊಬ್ಬ ಬಾಗಿಲಲ್ಲಿ ನಿಂತಿರಲೂಬಹುದು. ಆಗ ಅವನನ್ನು ಇಳಿಸದೆ, ಗಾಡಿ ಬರುವವರೆಗೆ ನಾತವನ್ನು ಸಹಿಸಿಕೊಂಡು ಕಾಯಬೇಕು.

ಪ್ರಯೋಗಶಾಲೆಯ ನಾತ ಈಗಲೂ ಒಮ್ಮೊಮ್ಮೆ ನನ್ನ ತರಗತಿಗೆ ಬರುತ್ತದೆ. ಹುಡುಗರು ಮೂಗು ಮುಚ್ಚಿಕೊಳ್ಳುತ್ತಾರೆ. ಕಿಟಕಿಯ ಬಾಗಿಲು ಹಾಕಿ ಕಾವ್ಯವನ್ನು ಐದು ನಿಮಿಷ ಪಕ್ಕಕ್ಕಿಟ್ಟು, ಅವರಿಗೆ ಈ ಕಥೆಯನ್ನು ಹೇಳುತ್ತೇನೆ.